ಎಣ್ಣೆ ತಾಕಿದ ನಾರು

ಕಾಲೇಜಿನ ಪ್ರಯೋಗಾಲಯದಲ್ಲಿ, ಗಟ್ಟಿತನ ಅಳೆಯುವ ಯಂತ್ರದ ದವಡೆಗಳು ಸಪನಾ ಮಾಡಿದ ಪಟ್ಟಿಯನ್ನು ಎಳೆಯತೊಡಗಿದ್ದೇ ತಡ, ಅಲ್ಯೂಮಿನಿಯಂ ತಗಡು ಬಾಳೆಹಣ್ಣಿನ ಸಿಪ್ಪೆಯ ಹಾಗೆ ನಾರಿನಿಂದ ಬಿಟ್ಟುಕೊಂಡು ಬಂತು. ಎರಡನೆಯದೂ ಹಾಗೇ. ಮೂರನೆಯದನ್ನಂತೂ ಕೇಳಲೇಬೇಡಿ, ಸಿಕ್ಕಿಸುವಾಗಲೇ ಕಳಚಿತು.

"ನಾರು ಹರೀಲೇ ಇಲ್ಲ ನೋಡವಾ," ಎಂದರು ತವನಪ್ಪ ಸರ್. "ಅಂಟು ಹಿಡದಿಲ್ಲ."

ಎರಡು ತಗಡುಗಳ ನಡುವೆ ನಾರಿಟ್ಟು, ಎಪಾಕ್ಸಿ ಅಂಟು ಹಾಕಿ ಒತ್ತಿದರೆ ಹಗುರವಾದ ಗಟ್ಟಿ ಹಲಗೆಯಾಗುತ್ತದೆ. ಕಾಲೇಜಿನಲ್ಲಿ ಉಳಿದವರೆಲ್ಲ ಪೇಟೆಯ ಗಾಜಿನ ನಾರು ತಂದಿದ್ದರು. ಸಪನಾ ಮಾತ್ರ ತಮ್ಮೂರು ಭೋಜದ ಹೊಲದ ಬದುವಿನಲ್ಲಿ ಬೆಳೆದ ಪುಂಡಿ ಗಿಡದ ನಾರೇ ಆಗಬೇಕೆಂದು ಹಟ ಹಿಡಿದಿದ್ದಳು.

"ಮುಂದಿನ ಶುಕ್ರವಾರ ಕಡೀ ಸಲ. ಆಗೂ ಅಂಟು ಬಿಟ್ರ ಗಾಜಿನ ನಾರಿನವರ ತಂಡಕ್ಕ ಸೇರ್ಕೊ. ಪುಂಡಿ ಮಾತು ಬ್ಯಾಡ," ಎಂದುಬಿಟ್ಟರು ಸರ್.

ಮನೆಯ ಕಟ್ಟೆಯ ಮೇಲೆ ಅವ್ವ ಸುಂದ್ರವ್ವ ಹಗ್ಗ ಹೊಸೆಯುತ್ತಿದ್ದಳು. "ಗಟ್ಟಿ ಬಂತೇನ ಬೇ?"

"ಇಲ್ಲಬೇ ಅವ್ವಾ. ಸುಲದ ಬಂತು."

ಸುಂದ್ರವ್ವ ಮಗಳು ತಂದ ತಗಡಿನ ತುಂಡನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು, ಮೂಸಿದಳು. ಮುಖ ಸಣ್ಣದಾಯಿತು.

"ಔಡಲ ಎಣ್ಣಿ. ನಾನ ಹಚ್ಚೀನಿ," ಎಂದಳು. "ನೀ ಸೋಡಾದಾಗ ತೊಳದು ಮಾಳಿಗಿ ಮ್ಯಾಲ ಹಾಕಿದ್ದಿ. ಒಣಗಿ ಒರಟ ಆಗಿತ್ತು. ಹೊಸಿಯೂ ಮುಂದ ನಾರಿಗೆ ಎಣ್ಣಿ ಕೈ ಆಡಸತೀವಲ್ಲ, ಹಂಗ ಆಡಸೀದ್ನಿ. ಚಲೋ ಆಗ್ಲಿ ಅಂತ."

"ಹಗ್ಗ ಹೊಸ್ಯಾಕ ತಂದಿದ್ನೇನ ಅದನ್ನ? ಎಣ್ಣಿ ಇದ್ರ ಅಂಟು ಹ್ಯಾಂಗ ಹಿಡೀತೈತಿ? ನನಗೊಂದ್ ಮಾತ ಕೇಳಾಕ ಏನಾಗಿತ್ತ ನಿನಗ?"

ಅಂದ ಮರುಗಳಿಗೆಯೇ ಸಪನಾಳಿಗೆ ಕೆಟ್ಟೆನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಂದ್ರವ್ವ ಎದ್ದು ಒಳಗೆ ಹೋದಳು. ಎತ್ತಿನ ಮೂಗುದಾರಕ್ಕೆಂದು ಅಟ್ಟದ ಮೇಲಿಟ್ಟಿದ್ದ ನಾರಿನ ಕೊನೆಯ ಸಿವುಡನ್ನು ಇಳಿಸಿ ಮಗಳ ಮುಂದಿಟ್ಟಳು.

ತೊಳೆದು ಹರವಿದ ನಾರಿಗೆ ಈ ಸಲ ಅವ್ವನೇ ಕಾವಲು. ಗಾಳಿಗೆ ಎಳೆ ಹಾರಿದರೂ ತಾನು ಮುಟ್ಟದೆ ಮಗಳನ್ನು ಕೂಗುತ್ತಿದ್ದಳು. ಭಾನುವಾರ ತಲೆಗೆ ಎಣ್ಣೆ ಹಚ್ಚುವ ದಿನ. ಅವ್ವನ ಸಿಟ್ಟು ಇಳಿಸಿದ ಹಾಗೂ ಆಗುತ್ತದೆಂದು ಸಪನಾ ಬಾಟಲಿ ಹಿಡಿದು ಅವ್ವನ ಮುಂದೆ ಕುಳಿತಳು.

"ಇವತ್ತ ಬ್ಯಾಡ," ಎಂದು ಸುಂದ್ರವ್ವ ಎದ್ದಳು. "ತಲೀದು ನಿನ್ನ ಕೈಗೆ ಹತ್ತತೈತಿ, ಕೈದು ನಾರಿಗೆ." ಬಾಟಲಿಯನ್ನು ಗೋಡೆಯ ಮೇಲಿನ ಮಾಡಕ್ಕೆ ಸೇರಿಸಿದಳು.

ಮಾತು ಸರಿಯೇ. ಆದರೂ ಅವ್ವ ಇನ್ನೂ ಮುನಿಸಿಕೊಂಡಿದ್ದಾಳೋ ಏನೋ ಎಂದು ಸಪನಾಳಿಗೆ ಅನುಮಾನ. ಒಣ ಕೂದಲನ್ನೇ ಜಡೆ ಹೆಣೆದುಕೊಂಡು ನಾರಿನ ಬಳಿಗೆ ಹೋದಳು.

ಶುಕ್ರವಾರ ಯಂತ್ರ ಈ ನಾರಿನ ಹೊಸ ಪಟ್ಟಿಯನ್ನು ಎಳೆಯಿತು. ಪರದೆಯ ಮೇಲೆ ಎಳೆತದ ಬಲ ತೋರಿಸುವ ಗೆರೆ ಏರುತ್ತಲೇ ಹೋಯಿತು. ಕೊನೆಗೊಮ್ಮೆ ಟಪ್ಪೆಂದಾಗ ತಗಡೂ ನಾರೂ ಒಂದೇ ಜಾಗದಲ್ಲಿ, ಕೂಡಿಯೇ ಹರಿದಿದ್ದವು.

ತವನಪ್ಪ ಸರ್ ತುಂಡನ್ನು ತಿರುವಿ ನೋಡಿದರು. "ಹ್ಞೂಂ, ಇದು ಹಿಡದೈತಿ. ವರದಿಯಾಗ ಪುಂಡಿ ಅಂತನ ಬರಿ."

ಮನೆಗೆ ಬಂದವಳೇ ಸಪನಾ ತುಂಡನ್ನು ಅವ್ವನ ಉಡಿಯಲ್ಲಿ ಹಾಕಿದಳು. ಸುಂದ್ರವ್ವ ಉಗುರು ಹಾಕಿ ಸುಲಿಯಲು ನೋಡಿದಳು. ಬರಲಿಲ್ಲ. ಇನ್ನೊಂದು ಮೂಲೆಯಿಂದಲೂ ನೋಡಿದಳು.

ಸಪನಾ ಮಾಡದಿಂದ ಬಾಟಲಿ ತಂದು, ಅವ್ವನಿಗೆ ಬೆನ್ನು ಮಾಡಿ ಕುಳಿತು ಜಡೆ ಬಿಚ್ಚಿದಳು. "ಈಗರೆ ಹಚ್ಚಬೇ."

ಸುಂದ್ರವ್ವ ಮೊದಲು ಆ ತುಂಡನ್ನು ಕಟ್ಟೆಯ ಆಚೆ ತುದಿಗೆ ಸರಿಸಿಟ್ಟಳು. ಆಮೇಲೆ ಬಾಟಲಿಯ ಮುಚ್ಚಳ ತೆಗೆದಳು.