ಎತ್ತಿಟ್ಟ ಕಾರು

ಕಾರು ನಿಲ್ಲಿಸಿದ್ದ ಜಾಗದಲ್ಲಿ ಕಾರಿರಲಿಲ್ಲ. ಕೇಕಿನ ಮೂರನೇ ಅಂತಸ್ತಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಬಂದವಳು ಹಾಗೇ ನಿಂತುಬಿಟ್ಟಳು. ಕೀಲಿ ಅವಳ ಕಿರುಬೆರಳಿನಲ್ಲೇ ತೂಗುತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆದದ್ದು, ಬಾಗಿಲು ಲಾಕ್ ಮಾಡಿದ್ದು ಎರಡೂ ಚೆನ್ನಾಗಿ ನೆನಪಿತ್ತು.

ಕಳ್ಳತನವೇನೂ ಆಗಿರಲಿಲ್ಲ. ಕಾರು ಅಲ್ಲೇ ಇತ್ತು. ಆದರೆ ಕಂಬದ ಹಿಂದೆ, ಗೋಡೆಗೆ ಮೂತಿ ತಾಗಿಸಿಕೊಂಡು, ಮೇಷ್ಟ್ರು ಮೂಲೆಗೆ ನಿಲ್ಲಿಸಿದ ಮಗುವಿನ ಹಾಗೆ. ಅದರ ಜಾಗದ ಅರ್ಧವನ್ನು ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಗಳ ಹೊಸ ದೊಡ್ಡ ಕಾರು ನುಂಗಿಕೊಂಡು ನಿಂತಿತ್ತು. ನೆಲದ ಮೇಲಿನ ಹಳದಿ ಗೆರೆ ಅದರ ಹೊಟ್ಟೆಯ ಕೆಳಗೆಲ್ಲೋ ಮಾಯವಾಗಿತ್ತು.

"ಎತ್ತಿಟ್ರಮ್ಮ," ಎಂದ ಕಾವಲುಗಾರ, ಕುರ್ಚಿಯಿಂದ ಎದ್ದು.

"ಏನನ್ನ?"

"ಕಾರನ್ನ. ಮೊದಲು ಹಿಂದುಗಡೆ ಎತ್ತಿದ್ರು, ಆಮೇಲೆ ಮುಂದುಗಡೆ. ಹಾಗೇ ಪಕ್ಕಪಕ್ಕಕ್ಕೆ ಜರುಗಿಸ್ಕೊಂಡು ಹೋದ್ರು. ಅಮ್ಮಾವ್ರು ಬರ್ಲಿ ತಡೀರಿ ಅಂದೆ. ನನ್ನ ಮಾತು ಯಾರು ಕೇಳ್ತಾರೆ?"

"ಅದರೊಳಗೆ ಕೇಕಿತ್ತು," ಎಂದಳು ಅವಳು. ಕಾವಲುಗಾರ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಕೈಯಲ್ಲಿದ್ದ ಡಬ್ಬಿಯನ್ನು ಅವನ ಕುರ್ಚಿಯ ಮೇಲಿಟ್ಟು ಅವಳು ಕಾರಿನತ್ತ ಓಡಿದಳು.

ಆ ಕಾರನ್ನು ಕೊಂಡಂದಿನಿಂದಲೂ ಅವಳಿಗೆ ಒಂದು ವಿಷಯ ಚೆನ್ನಾಗಿ ಅರ್ಥವಾಗಿತ್ತು. ಕಾರು ಚಿಕ್ಕದಾದರೆ ಅದರ ಒಡತಿಯೂ ಜನರ ಕಣ್ಣಿಗೆ ಚಿಕ್ಕವಳಾಗಿಬಿಡುತ್ತಾಳೆ. ಬಸ್ಸಿನವರು ಹಿಂದಿನಿಂದ ಹಾರನ್ ಹೊಡೆಯುವುದೇ ಬೇರೆ ಥರ, ನಾಯಿಯನ್ನು ಓಡಿಸುವ ಹಾಗೆ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಕಿಟಕಿ ಇಳಿಸಿ ನಗುತ್ತಾರೆ. ಮನೆಗೆ ಬಂದ ನೆಂಟರು ಕಾಫಿ ಕುಡಿದು ಏಳುವ ಹೊತ್ತಿಗೆ, "ಮುಂದಿನ ಸಲ ಒಂದು ನಿಜವಾದ ಕಾರು ತಗೊಂಡುಬಿಡಿ," ಎಂದು ಹೇಳಿಯೇ ಹೋಗುತ್ತಾರೆ. ದಿಬ್ಬ ಹತ್ತುವಾಗ ಎ.ಸಿ. ಆರಿಸಬೇಕು ಎಂಬುದು ನಿಜ. ಹಿಂದಿನ ಸೀಟಿನಲ್ಲಿ ಕೂತವರ ಮಂಡಿ ಗದ್ದಕ್ಕೆ ತಾಗುತ್ತದೆ ಎಂಬುದೂ ನಿಜವೇ. ಕಟ್ಟಡದಲ್ಲೆಲ್ಲ ಅದಕ್ಕೆ ಬೆಂಕಿಪೊಟ್ಟಣ ಎಂದೇ ಹೆಸರು. ಆ ಹೆಸರಿಟ್ಟವನು ಅವಳ ಗಂಡ.

ಆದರೆ ಕಾರಿನ ಗುಣ ಗೊತ್ತಿದ್ದದ್ದು ಅವಳೊಬ್ಬಳಿಗೇ. ದೊಡ್ಡ ಗಾಡಿಯವರು ಕೈಚೆಲ್ಲಿ ವಾಪಸು ಹೋಗುವ ಓಣಿಗಳಲ್ಲಿ ಅದು ಒಂದೇ ತಿರುವಿಗೆ ತಿರುಗುತ್ತಿತ್ತು. ಎರಡು ಸ್ಕೂಟರುಗಳ ನಡುವೆ ನಿಲ್ಲುತ್ತಿತ್ತು. ಪೆಟ್ರೋಲನ್ನು ಬೆಕ್ಕು ಹಾಲು ನೆಕ್ಕುವಷ್ಟೇ ಕುಡಿಯುತ್ತಿತ್ತು. ಕೊಂಡ ವಾರದಲ್ಲೇ ಅವಳು ಮುಂದಿನ ಪಕ್ಕದ ಸೀಟನ್ನು ಬಿಚ್ಚಿಸಿ, ಅಲ್ಲಿ ಪ್ಲೈವುಡ್ ಹಲಗೆ ಕೂರಿಸಿ, ಮೇಲೆ ರಬ್ಬರ್ ಚಾಪೆ ಹಾಸಿದ್ದಳು. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡುವ ರಸಮಟ್ಟವೊಂದನ್ನು ಆ ಹಲಗೆಗೆ ಅಂಟಿಸಿದ್ದಳು. ಅದರೊಳಗಿನ ಗುಳ್ಳೆ ಗೆರೆ ದಾಟದ ಹಾಗೆ ಓಡಿಸುವುದೇ ಅವಳ ವಿದ್ಯೆ. ಕೇಕು ಒಳಗಿದ್ದರೆ ಬಾಣಂತಿಯನ್ನು ಮನೆಗೆ ಕರೆತರುವ ಹಾಗೆ ಓಡಿಸುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಒಂದು ಹೂವಿನ ಎಸಳೂ ಕದಲಿರಲಿಲ್ಲ.

ಈಗ ಚಾಲಕನ ಕಡೆಯ ಬಾಗಿಲು ಗೋಡೆಗೆ ಅಂಟಿಕೊಂಡಿತ್ತು. ಇನ್ನೊಂದು ಕಡೆಯದು ಅಂಗೈ ಅಗಲ ತೆರೆದು ಕಂಬಕ್ಕೆ ಬಡಿದು ನಿಂತಿತು. ಕೇಕಿಗೆ ಸೆಕೆ ತಾಗಬಾರದೆಂದು ಕಿಟಕಿಗಳಿಗೆಲ್ಲ ಅವಳೇ ಕಪ್ಪು ಪರದೆ ಎಳೆದಿದ್ದಳು. ಕೊನೆಗೆ ಡಿಕ್ಕಿಯ ಬಾಗಿಲೆತ್ತಿ, ಹಿಂದಿನ ಸೀಟು ಮಡಚಿ, ಮಂಡಿಯೂರಿ ಒಳಗೆ ತೆವಳಿದಳು. ಡಬ್ಬಿಯ ಮುಚ್ಚಳ ತೆಗೆದಳು.

ಕೆಳಗಿನ ಅಂತಸ್ತು ಜಾರಿ ಡಬ್ಬಿಯ ಗೋಡೆಗೆ ಒತ್ತಿಕೊಂಡಿತ್ತು. ಮೇಲಿನದು ನಿದ್ದೆಗಣ್ಣಿನ ಪ್ರಯಾಣಿಕನಂತೆ ಒಂದು ಕಡೆ ವಾಲಿತ್ತು. ಎರಡು ದಿನ ಕೂತು ಮಾಡಿದ ಕೆನೆಯ ಗುಲಾಬಿಗಳಲ್ಲಿ ಒಂದು ಸಾಲು ಪೂರ್ತಿ ಅಪ್ಪಚ್ಚಿಯಾಗಿತ್ತು. ಐವತ್ತು ವರ್ಷ ಒಟ್ಟಿಗೆ ಬಾಳಿದ ಅಜ್ಜ-ಅಜ್ಜಿಯ ಮದುವೆ ದಿನದ ಕೇಕು ಅದು. ಇದೊಂದು ಚೆನ್ನಾಗಿ ಬಂದರೆ ಇನ್ನು ಮುಂದೆ ಎಲ್ಲ ಆರ್ಡರೂ ನಿಮಗೇ ಎಂದು ಸಭಾಂಗಣದ ಯಜಮಾನ ಹೇಳಿದ್ದ. ಅವಳಿಗೆ ಅಳು ಬರಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಹೊರಗೆ ದೊಡ್ಡ ಕಾರಿನ ಬಾಗಿಲನ್ನು ತೆಗೆದು ಹಾಕಿ ತೆಗೆದು ಹಾಕಿ ಕಾರ್ಯದರ್ಶಿಗಳು ಸಂತೋಷಪಡುತ್ತಿದ್ದರು. ಜೊತೆಗೆ ಎರಡನೇ ಮಹಡಿಯ ಔಷಧಿ ಅಂಗಡಿಯವನೂ ಜಿಮ್ಮಿನ ಮಾಸ್ತರನೂ ಇದ್ದರು.

"ಯಾರು ಎತ್ತಿದ್ದು?"

"ಓ, ಬಂದ್ರಾ! ನಿಮ್ಮನ್ನ ಕರೆಯೋಣ ಅಂತಿದ್ವಿ, ಇಷ್ಟು ಚಿಕ್ಕ ಕೆಲಸಕ್ಕೆ ಅಷ್ಟು ಮೇಲಿಂದ ಯಾಕೆ ಇಳಿಸೋದು ಅಂತ ಬಿಟ್ವಿ," ಎಂದರು ಕಾರ್ಯದರ್ಶಿಗಳು. "ಹೂವಿನ ಬುಟ್ಟಿ ಎತ್ತಿಟ್ಟ ಹಾಗೆ ಇಟ್ಟಿದ್ದೀವಿ. ಒಂದು ಗೀರು ಬಿದ್ದಿದ್ರೆ ಕೇಳಿ."

"ನನ್ನ ಜಾಗದಿಂದ ನನ್ನ ಕಾರು ಎತ್ತೋಕೆ ನಿಮಗೆ ಹೇಳಿದವರು ಯಾರು?"

"ಎತ್ತೋಕೆ ಬರುತ್ತಲ್ಲ ಮೇಡಂ, ಅದಕ್ಕೇ ಎತ್ತಿದ್ದು," ಎಂದು ಜಿಮ್ಮಿನ ಮಾಸ್ತರ ನಕ್ಕ.

"ನೋಡಮ್ಮ," ಎಂದರು ಕಾರ್ಯದರ್ಶಿಗಳು, "ಎರಡು ದಿನದಿಂದ ನಮ್ಮವಳಿಗೆ ಕಾರಿಂದ ಇಳಿಯೋಕೇ ಆಗ್ತಿಲ್ಲ. ಬಾಗಿಲು ಪೂರ್ತಿ ತೆರೆಯಲ್ಲ. ನಿಮ್ಮ ಬೆಂಕಿಪೊಟ್ಟಣಕ್ಕೆ ಇಷ್ಟಗಲ ಜಾಗ ಯಾಕೆ ಹೇಳಿ? ಅರ್ಧ ಸುಮ್ಮನೆ ದಂಡ. ಒಂಚೂರು ಅಡ್ಜಸ್ಟ್ ಮಾಡ್ಕೊಂಡ್ರೆ ಮುಗೀತು."

"ನಿಮ್ಮ ಮನೇಲಿ ಇರೋದು ಇಬ್ಬರು, ರೂಮು ನಾಲ್ಕು. ನಾಳೆ ನಾನು ಬಂದು ಎರಡು ರೂಮಲ್ಲಿ ಓವನ್ ಇಟ್ಕೋತೀನಿ. ಅಡ್ಜಸ್ಟ್ ಮಾಡ್ಕೋತೀರಾ ಸರ್?"

ಕಾರ್ಯದರ್ಶಿಗಳು ಕಾರಿನ ಬಾಗಿಲು ಹಾಕಿದರು. ಅವಳು ಬಿಡಲಿಲ್ಲ. "ಒಳಗೆ ಕೇಕಿತ್ತು. ಹಾಳಾಗಿದೆ. ಬನ್ನಿ, ನೋಡಿ ಬನ್ನಿ. ಹೂವಿನ ಬುಟ್ಟಿಯಂತೆ!"

ಔಷಧಿ ಅಂಗಡಿಯವನ ಮುಖ ಹುಳ್ಳಗಾಯಿತು. "ದೇವ್ರಾಣೆ ಗೊತ್ತಿರಲಿಲ್ಲ ಅಕ್ಕ. ಒಳಗೆ ಏನೂ ಇಲ್ಲ ಅಂದ್ರು, ಅದಕ್ಕೇ... ನಾಲ್ಕು ಜನ ಸೇರಿದ್ವಿ, ಭಾರವೇ ಗೊತ್ತಾಗ್ಲಿಲ್ಲ."

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಮೂವರು.

"ನಾಲ್ಕನೆಯವರು ಯಾರು?"

ಜಿಮ್ಮಿನ ಮಾಸ್ತರನ ನಗು ನಿಂತಿತು. ಔಷಧಿ ಅಂಗಡಿಯವನು ನೆಲ ನೋಡಿದ. ಕಾವಲುಗಾರ ಮಾತ್ರ, ತಡೆಯಲಾರದೆ, ಮೆಟ್ಟಿಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ ಹಿಂತೆಗೆದುಕೊಂಡ. ಅಲ್ಲಿ ಅವಳ ಗಂಡ ನಿಂತಿದ್ದ. ರೇಷ್ಮೆ ರಿಬ್ಬನ್ನು ತರಲು ಅವಳೇ ಅವನನ್ನು ಅಂಗಡಿಗೆ ಕಳಿಸಿದ್ದಳು. ಉದ್ದನೆಯ ಆ ಮನುಷ್ಯ ರಿಬ್ಬನ್ನಿನ ಪೊಟ್ಟಣವನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿದುಕೊಂಡಿದ್ದ, ಮೈಯಿಂದ ದೂರಕ್ಕೆ. ಅವನ ಅಂಗೈಗಳು ಮಸಿಯಾಗಿದ್ದವು.

"ನೀವೂನಾ?"

"ನೀನಿನ್ನೂ ಕೇಕು ಇಳಿಸಿಲ್ಲ ಅಂದ್ಕೊಂಡೆ ಕಣೇ," ಎಂದ ಅವನು. "ಇವರೆಲ್ಲ ನಗ್ತಾ ಕರೆದ್ರು. ಹೇಗೆ ಬೇಡ ಅನ್ನೋದು?"

ಅವನು ಆಡಿದ್ದು ಸುಳ್ಳಲ್ಲ. ವಿಮಾ ಕಚೇರಿಯಲ್ಲಿ ಮೇಲಿನವರಿಗೂ ಕೆಳಗಿನವರಿಗೂ, ಬೀದಿಯಲ್ಲಿ ವಂತಿಗೆ ಕೇಳಲು ಬಂದವರಿಗೂ ಅವನು ಕೋಲೆಬಸವನ ಹಾಗೆ ತಲೆಯಾಡಿಸಿಯೇ ಬದುಕಿದವನು. ಮೂಲೆಯಂಗಡಿ ಬಾಡಿಗೆಗೆ ಹಿಡಿಯುತ್ತೇನೆ ಎಂದು ಅವಳು ಕೇಳಿದಾಗ ಮಾತ್ರ ಬೇಡ ಎಂದಿದ್ದ. ಎರಡನೇ ಓವನ್ನಿಗೂ ಬೇಡ ಎಂದಿದ್ದ. ಈ ಕಾರಿಗೂ ಮೊದಲು ಬೇಡ ಎಂದವನೇ.

"ಊರಿಗೆಲ್ಲ ಬೇಡ ಅನ್ನೋಕೆ ನಿಮಗೆ ಬಾಯಿ ಬರಲ್ಲ," ಎಂದಳು. "ನನಗೆ ಹೇಳೋವಾಗ ಮಾತ್ರ ಎಲ್ಲಿಂದ ಬರುತ್ತೆ ರೀ ಆ ಬಾಯಿ?"

ಪರರ ಮನೆಯ ಜಗಳ ಕೇಳಿಸಿಕೊಂಡ ತಪ್ಪಿಗೆ ಮೂವರೂ ಮೂರು ದಿಕ್ಕಿಗೆ ಮುಖ ಮಾಡಿದರು. ಅವಳು ಜಿಮ್ಮಿನ ಮಾಸ್ತರನನ್ನು ಕರೆದಳು. "ಬನ್ನಿ, ಎತ್ತೋದು ಅಂದ್ರೆ ಇಷ್ಟ ಅಲ್ವಾ ನಿಮಗೆ? ಹಲಗೆ ಸಮೇತ ಹಿಡೀರಿ. ಅಲುಗಿಸಿದ್ರೆ ನೋಡಿ."

ಇಬ್ಬರೂ ಹಲಗೆಯನ್ನು ಡಿಕ್ಕಿಯಿಂದ ಹೊರಗೆಳೆದರು. ಅದನ್ನು ಮೂರು ಮಹಡಿ ಹೊತ್ತುಕೊಂಡು ಹೋಗುವ ಮಾತೇ ಇರಲಿಲ್ಲ. ಅವಳು ಸುತ್ತ ನೋಡಿದಳು. ಕಾರ್ಯದರ್ಶಿಗಳ ಕಾರಿನ ಬಾನೆಟ್ಟು ಅಡುಗೆಮನೆಯ ಕಟ್ಟೆಯಷ್ಟು ಎತ್ತರಕ್ಕೆ, ಅಷ್ಟೇ ಅಗಲಕ್ಕೆ ಹೊಳೆಯುತ್ತಿತ್ತು. ಹಿಂಗೈಯಿಂದ ಮುಟ್ಟಿ ನೋಡಿದಳು. ತಣ್ಣಗಿತ್ತು. ಬಿಳಿ ಬಟ್ಟೆ ಹಾಸಿದಳು.

"ಅಯ್ಯೋ, ಪೇಂಟ್! ಪೇಂಟ್ ಹೋಗುತ್ತಮ್ಮ!" ಎಂದು ಕಾರ್ಯದರ್ಶಿಗಳು ಧಾವಿಸಿದರು.

"ನನ್ನ ಜಾಗದಲ್ಲಿ ನಿಂತಿದೆ ಸರ್. ನನ್ನ ಜಾಗದಲ್ಲಿ ಇರೋದು ನನ್ನ ಮೇಜು," ಎಂದಳು. "ನೀವೂ ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಿ."

ಬಾನೆಟ್ಟಿನ ಇಳಿಜಾರಿಗೆ ಪತ್ರಿಕೆ ಮಡಚಿ ಒತ್ತುಕೊಟ್ಟು, ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೂ ಸರಿಪಡಿಸಿದಳು. ಕಾರಿನಲ್ಲಿ ಅವಳು ಸದಾ ಇಟ್ಟುಕೊಂಡಿರುವ ಡಬ್ಬಿಯೊಂದಿತ್ತು. ಅದಕ್ಕೆ ಪ್ರಥಮ ಚಿಕಿತ್ಸೆ ಎಂದು ಅವಳೇ ಹೆಸರಿಟ್ಟಿದ್ದಳು. ಮಂಜುಗಡ್ಡೆಯ ನಡುವೆ ಕೆನೆ, ಚಪ್ಪಟೆ ಚಾಕು, ಕೆನೆಯಿಂದ ಹೂ ಮೂಡಿಸುವ ತಗಡಿನ ಮೂತಿಗಳು. ವಾಲಿದ ಅಂತಸ್ತನ್ನು ಎತ್ತಿ ಕೂರಿಸಿ, ಜಜ್ಜಿದ ಬದಿಯನ್ನು ಕೆರೆದು, ಹೊಸ ಕೆನೆ ಬಳಿದಳು. ಅಪ್ಪಚ್ಚಿಯಾದ ಗುಲಾಬಿಗಳನ್ನು ಒಂದೊಂದಾಗಿ ಕಿತ್ತು ಬೇರೆ ಹೂ ಅರಳಿಸಿದಳು. ಕೇಕು ಎದ್ದು ನಿಲ್ಲುವವರೆಗೆ ದೊಡ್ಡ ಕಾರು ಕದಲುವಂತಿಲ್ಲ, ಅದು ಕದಲುವವರೆಗೆ ಚಿಕ್ಕ ಕಾರಿಗೆ ದಾರಿಯಿಲ್ಲ. ನಾಲ್ಕು ಗಂಡಸರೂ ಇಂಗು ತಿಂದ ಮಂಗಗಳ ಹಾಗೆ ನಿಂತಿದ್ದರು.

"ರಿಬ್ಬನ್," ಎಂದು ತಿರುಗಿ ನೋಡದೆ ಕೈಚಾಚಿದಳು. ಗಂಡ ಪೊಟ್ಟಣ ಕೊಟ್ಟ. ಅವನ ಬೆರಳು ತಾಗದ ಹಾಗೆ ತೆಗೆದುಕೊಂಡಳು.

ಕೇಕನ್ನು ಇಳಿಸಿದ ಮೇಲೆ ಕಾರ್ಯದರ್ಶಿಗಳು ತಮ್ಮ ಕಾರನ್ನು ಹಿಂದಕ್ಕೆ ತೆಗೆದರು. ಆಮೇಲೆ ಎತ್ತಿದ ನಾಲ್ವರೇ ಅವಳ ಕಾರನ್ನು ಮತ್ತೆ ಎತ್ತಿ ಮೊದಲಿನ ಜಾಗಕ್ಕೆ ತಂದರು. ಈ ಸಲ ಯಾರೂ ನಗಲಿಲ್ಲ. ಭಾರವೂ ಗೊತ್ತಾಗಿರಬೇಕು, ಕಾರ್ಯದರ್ಶಿಗಳು ಸೊಂಟ ಹಿಡಿದುಕೊಂಡರು. "ಸಂಜೆ ನಾನು ಬರೋ ಹೊತ್ತಿಗೆ ಕಂಬದಿಂದ ಗೆರೆವರೆಗೆ ಖಾಲಿ ಇರ್ಬೇಕು," ಎಂದು ಅವಳು ಹೇಳಿದಾಗ, "ನೋಡೋಣ, ನೋಡೋಣ," ಎಂದರು, ಬಾನೆಟ್ಟು ಒರೆಸುತ್ತ.

ಕೇಕಿನ ಹಲಗೆ ಮುಂದೆ ಕೂತಿತು. ಮೂರನೇ ಅಂತಸ್ತಿನ ಡಬ್ಬಿ ಉಳಿದಿತ್ತು. ಗಂಡ ನಲ್ಲಿಯಲ್ಲಿ ಕೈ ತೊಳೆದು ಬಂದು, ಹಿಂದಿನ ಸೀಟಿನಲ್ಲಿ ಮೈಯನ್ನು ಮೂರು ಮಡಿಕೆ ಮಾಡಿ ತುರುಕಿಕೊಂಡು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ಬನ್ನಿ ಎಂದೂ ಅವಳು ಕರೆಯಲಿಲ್ಲ, ಇಳಿಯಿರಿ ಎಂದೂ ಹೇಳಲಿಲ್ಲ. ಗೇರು ಹಾಕಿದಳು. ರಸ್ತೆಯುಬ್ಬು ಬಂದಾಗಲೆಲ್ಲ ಅವನು ಡಬ್ಬಿಯನ್ನು ತೊಡೆಯಿಂದ ಮೆಲ್ಲನೆ ಮೇಲೆತ್ತಿ ಹಿಡಿಯುವುದು ಕನ್ನಡಿಯಲ್ಲಿ ಕಂಡಿತು. ಉಬ್ಬು ದಾಟಿದ ಮೇಲೆ ಇಳಿಸುತ್ತಿದ್ದ. ಅವಳು ಉಬ್ಬುಗಳಲ್ಲಿ ನಿಧಾನ ಮಾಡಿದ್ದು ಕೇಕಿಗಾಗಿ.

ಸಭಾಂಗಣದಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಅಜ್ಜಿ ಗುಲಾಬಿಗಳನ್ನು ನೋಡಿ, "ಈ ಕಡೆಯವು ಇನ್ನೂ ಚೆನ್ನಾಗಿ ಅರಳಿವೆ," ಎಂದು ಹೊಸ ಸಾಲನ್ನೇ ತೋರಿಸಿದರು. ಯಜಮಾನನೂ ಬೆನ್ನು ತಟ್ಟಿದ. ಆದರೂ ಅವಳ ಸಿಟ್ಟು ಇಳಿಯಲಿಲ್ಲ. ಚೆನ್ನಾಗಿ ಮುಗಿಯಿತು ಎಂಬ ಒಂದೇ ಕಾರಣಕ್ಕೆ ಎತ್ತಿಟ್ಟವರ ತಪ್ಪು ಅಳಿಸಿಹೋಗುತ್ತದೆಯೇ? ನಾಳೆ ಕಟ್ಟಡದಲ್ಲಿ ಇದೊಂದು ತಮಾಷೆಯ ಕತೆಯಾಗುತ್ತದೆ, ಅದನ್ನು ತನ್ನ ಗಂಡನೂ ನಗುತ್ತ ಹೇಳುತ್ತಾನೆ.

ಮರಳಿ ಬಂದಾಗ ಕತ್ತಲಾಗುತ್ತಿತ್ತು. ದೊಡ್ಡ ಕಾರು ಸರಿದಿತ್ತು, ಆದರೆ ಪೂರ್ತಿ ಅಲ್ಲ. ಅದರ ಎರಡು ಚಕ್ರ ಹಳದಿ ಗೆರೆಯ ಈಚೆಗೇ ಇದ್ದವು. ಉಳಿದ ಜಾಗದಲ್ಲಿ ಅವಳ ಕಾರು ಧಾರಾಳವಾಗಿ ನಿಲ್ಲುತ್ತಿತ್ತು. ಅದೇ ಅವಳನ್ನು ರೇಗಿಸಿದ್ದು. ಅವಳು ಕಾರನ್ನು ಕಾರುಗಳು ಓಡಾಡುವ ದಾರಿಯ ನಡುವೆಯೇ ನಿಲ್ಲಿಸಿದಳು. ದೀಪದ ಬೆಳಕು ಆ ಎರಡು ಚಕ್ರಗಳ ಮೇಲೆ ಬಿದ್ದಿತ್ತು.

"ನಿಲ್ಲುತ್ತಲ್ಲ..." ಎಂದು ಹಿಂದಿನಿಂದ ಗಂಡ ಶುರುಮಾಡಿದ. ಕನ್ನಡಿಯಲ್ಲಿ ಅವಳ ಕಣ್ಣು ಕಂಡಿತು.

ಆಮೇಲೆ ಅವನು ಮಂಡಿ ಬಿಡಿಸಿಕೊಂಡು, ತಲೆ ಬಾಗಿಲಿಗೆ ಬಡಿಸಿಕೊಂಡು ಹೊರಗಿಳಿದ. ಅಂಗಿಯ ಮಡಿಕೆ ನೀವಿಕೊಂಡ. ಕಾರ್ಯದರ್ಶಿಗಳ ಮನೆ ಮೊದಲನೇ ಮಹಡಿ. ಮೆಟ್ಟಿಲ ಬಳಿ ಒಂದು ಗಳಿಗೆ ನಿಂತು, ತಿರುಗಿ ನೋಡದೆ ಹತ್ತಿದ. ಕಾವಲುಗಾರ ಕುರ್ಚಿ ಬಿಟ್ಟು ಎದ್ದು ನಿಂತು ಮೇಲೆ ನೋಡುತ್ತಿದ್ದ.

ಬೆಲ್ಲಿನ ಸದ್ದು ಮೆಟ್ಟಿಲುಗಳಗುಂಟ ಕೆಳಗಿನವರೆಗೂ ಇಳಿದು ಬಂತು. ಬಾಗಿಲು ತೆರೆದ ಸದ್ದು ಬರಲಿಲ್ಲ. ಅವನು ಇಳಿದು ಬರುತ್ತಾನೆ ಎಂದು ಅವಳು ಕಾದಳು. ಬೆಲ್ಲಿನ ಸದ್ದು ಮತ್ತೆ ಬಂತು, ಈ ಸಲ ಹೆಚ್ಚು ಹೊತ್ತು. ಅವಳು ಎಂಜಿನ್ ಆರಿಸದೆ, ಎರಡೂ ಕೈಯನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದ ಖಾಲಿ ಹಲಗೆಯ ಮೇಲೆ ರಸಮಟ್ಟದ ಗುಳ್ಳೆ ಎಂಜಿನ್ನಿನ ಜೊತೆ ಸಣ್ಣಗೆ ನಡುಗುತ್ತಿತ್ತು.