ಕರೆವ್ವನ ಫೋಟೋಕ್ಕೆ ಮಾಲೆ

“ಬಾಗಲಾ ಮುಟ್ಟಿದಿ ಅಂದ್ರ ಕೈ ಮುರೀತೇನಿ, ಹಡಬಿಟ್ಟಿ. ಯಾರಪ್ಪನ ಮನಿ ಸಂಡಾಸ ಅಂತ ತಿಳದಿ?”

ಹಿತ್ತಿಲ ಕಟ್ಟೆಯ ಮೇಲಿಂದ ಜಗದೀಶಗೌಡನ ತಾಯಿ, ದೊಡ್ಡ ಗೌಡಶ್ಯಾನಿ ನೀಲಾಂಬಿಕಾ ಕೂಗಿದಳು. ಕರೆವ್ವನ ಕೈ ಬಾಗಿಲ ಕೊಂಡಿಯ ಹತ್ತಿರ ಹಾಗೆಯೇ ನಿಂತಿತು. ಅವಳ ಹಿಂದೆ ಮಗಳು ಮಲ್ಲಿಕಾ, ದಿನ ತುಂಬುತ್ತಿರುವ ಬಸುರಿ, ತೊಡೆಗೆ ತೊಡೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದಳು.

“ಮುಟ್ಟಿಲ್ರಿ ಅವ್ವಾರ. ಕೀಲಿ ಹಾಕೇತೇನೋ ಅಂತ ನೋಡಾಕತ್ತಿದ್ದೆ.”

“ನಿನ್ನ ಕಣ್ಣು ಕೈಯಾಗ ಅದಾವೇನ? ದೂರಿಂದ ನೋಡು. ಹೊಲಾ ಇಷ್ಟಗಲ ಬಿದ್ದೈತಿ, ಕರಕೊಂಡು ಹೋಗು.”

ಆ ಸಂಡಾಸಕ್ಕೆ ಚೆಂದದ ನೀಲಿ ಬಣ್ಣ ಹೊಡೆಸಿದ್ದರು. ಗೋಡೆಯ ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ ‘ಮಹಿಳಾ ಕೆಲಸಗಾರರಿಗಾಗಿ’ ಎಂದು ಬರೆಸಿದ್ದರು. ಬೀಜದ ಕಂಪನಿಯವರು ಬಂದು ಅದರ ಫೋಟೋ ತೆಗೆದುಕೊಂಡು ಹೋದ ದಿನವೇ ಗೌಡಶ್ಯಾನಿ ಬಾಗಿಲಿಗೆ ಕೀಲಿ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ದೇವರ ಕೋಣೆಗೆ ನೀರು ಹೋಗುವ ಟಾಕಿಯಿಂದಲೇ ಸಂಡಾಸಕ್ಕೂ ನಳ ಎಳೆದಿದ್ದರು. ಕೇರಿಯ ಹೆಂಗಸರು ಆ ನಳ ತಿರುವಿದರೆ ದೇವರ ನೀರು ಮೈಲಿಗೆಯಾಗುತ್ತದೆಂದು ಅವಳ ನಂಬಿಕೆ.

ಅಮ್ಮ ಮಗಳು ಹೊಲದ ಬದುವಿಗೆ ನಡೆದರು. ಗೋವಿನಜೋಳ ಕಟಾವಾಗಿ ಮರೆಯೆನ್ನುವುದೇ ಉಳಿದಿರಲಿಲ್ಲ. ಬದುವಿನ ಆಚೆಗೆ ಹಂಸಭಾವಿಯ ರಸ್ತೆ, ಅದರ ತುಂಬ ಮೋಟಾರ್ ಸೈಕಲ್ಲು. ಆದರೆ ಕಾವಲುಗಾರ ಬಂದೇಸಾಬ ಇದ್ದ. ಹೆಂಗಸರು ಬದುವಿನ ಕಡೆ ಹೊರಟರೆ ಅವನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಯಾವನಾದರೂ ಗಂಡಸು ಆ ಕಡೆ ಬಂದರೆ ಕ್ಷಯ ಹಿಡಿದವನ ಹಾಗೆ ಕೆಮ್ಮುತ್ತಿದ್ದ. ಮೊನ್ನೆ ಮೊನ್ನೆ ಬದುವಿನ ಪಕ್ಕ ಒಂದು ಗೂಟ ಹುಗಿದಿದ್ದ. ಎಮ್ಮೆ ಕಟ್ಟಲೆಂದು ಗೌಡ ತಿಳಿದಿದ್ದ. ಬಸುರಿ ಹೆಂಗಸು ಅದನ್ನು ಹಿಡಿದುಕೊಂಡು ಮೇಲಕ್ಕೇಳುತ್ತಾಳೆಂಬುದು ಕರೆವ್ವನಿಗೆ ಗೊತ್ತಿತ್ತು. ಆ ವಿಷಯ ಅವಳ ಮತ್ತು ಬಂದೇಸಾಬನ ನಡುವೆ ಎಂದೂ ಮಾತಾಗಿರಲಿಲ್ಲ.

ಹಿರೇಕೆರೂರಿನ ದವಾಖಾನೆಯಲ್ಲಿ ಡಾಕ್ಟರಮ್ಮ ಬೈದು ಕಳಿಸಿದ್ದಳು: ನೀರು ಹೆಚ್ಚು ಕುಡಿ, ಉಚ್ಚೆ ಕಟ್ಟಿಕೊಂಡು ಕೂಡಬೇಡ, ಆಗಲೇ ನಂಜಾಗಿದೆ, ಕೂಸಿಗೆ ಒಳ್ಳೆಯದಲ್ಲ. ಮಲ್ಲಿಕಾ ಮನೆಯಲ್ಲಿ ಕುಡಿಯುತ್ತಿದ್ದಳು. ಕೆಲಸಕ್ಕೆ ಬಂದರೆ ತುಟಿ ಒಣಗಿಸಿಕೊಂಡು ನಿಲ್ಲುತ್ತಿದ್ದಳು.

ಜಗದೀಶಗೌಡನ ಹೊಲದಲ್ಲಿ ಬಿಳಿ ಬಲೆಯ ಪರದೆ ಕಟ್ಟಿ, ಅದರೊಳಗೆ ಕಂಪನಿಗಾಗಿ ಟೊಮೆಟೊ ಬೀಜ ಮಾಡುತ್ತಿದ್ದರು. ಹೆಂಗಸರು ಸಾಲು ಹಿಡಿದು, ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಗಂಡು ಎಳೆ ತೆಗೆಯಬೇಕು. ಮರುದಿನ ಮುಂಜಾನೆ ಬೇರೆ ಜಾತಿಯ ಗಿಡದ ಹೂವಿನ ಪುಡಿ ಮುಟ್ಟಿಸಬೇಕು. ಮುಂಜಾನೆ ತಪ್ಪಿತೋ, ಹಿಂದಿನ ದಿನ ಬಿಡಿಸಿದ ಹೂವೆಲ್ಲ ಹಾಳು. ಕೆಲಸದ ಹೆಸರು ಕ್ರಾಸಿಂಗ್.

“ಗಿಡದ ಜಾತಿ ಕೂಡಸಾಕ ನಾವ ಬೇಕು, ನಳಾ ತಿರುವಾಕ ಬ್ಯಾಡ,” ಎಂದು ಮುದಕವ್ವ ಸಾಲಿನ ಆ ತುದಿಯಿಂದ ಹೇಳುತ್ತಿದ್ದಳು. ಕೇರಿಯಲ್ಲಿ ಯಾರು ಸತ್ತರೂ ಹಾಡಿ ಅಳಲು ಮುದಕವ್ವನನ್ನೇ ಕರೆಯಬೇಕು. ಹಾಗಾಗಿ ಅವಳ ದನಿಗೆ ಪರದೆ, ಗೋಡೆ ಯಾವುದೂ ಅಡ್ಡವಾಗುತ್ತಿರಲಿಲ್ಲ.

ಒಬ್ಬೊಬ್ಬರೇ ಹೆಂಗಸರು ತಡಸ ಊರಿನ ಕಡೆ ಹೋಗತೊಡಗಿದ್ದರು. ಅಲ್ಲಿ ಹೊಸದಾಗಿ ಬೀಜದ ತೋಟ ಆಗಿತ್ತು. ವಾರಗಟ್ಟಲೆ ಅಲ್ಲಿಯೇ ಇರಬೇಕು, ಗಾಡಿ ಬಂದು ಕರೆದೊಯ್ಯುತ್ತದೆ. ಕರೆವ್ವನನ್ನೂ ಕರೆದಿದ್ದರು. ಆದರೆ ಹೆರಿಗೆ ಹತ್ತಿರವಿರುವ ಮಗಳನ್ನು ಬಿಟ್ಟು ಹೇಗೆ ಹೋಗುವುದು? ಕರೆದೊಯ್ಯುವುದಂತೂ ಆಗದ ಮಾತು. ಕೈ ಪಳಗಿದವರು ಹೋಗಿ, ಉಳಿದ ಹೊಸಬರು ಹೂವನ್ನು ಹಿಸುಕಿ ಹಾಕುತ್ತಿದ್ದರು. ಗೌಡ ಕಂಪನಿಗೆ ಫೋನು ಮಾಡಿ ಒದರಿದ. ಕಂಪನಿಯವರು ಹುಬ್ಬಳ್ಳಿಯಿಂದ ಲೋಹಿತ ಎಂಬ ಹುಡುಗನನ್ನು ಕಳಿಸಿದರು. ಒಳ್ಳೆಯ ಕೆಲಸಗಾರರನ್ನು ಹುಡುಕುವುದು, ಬಿಟ್ಟು ಹೋಗದಂತೆ ಹಿಡಿಯುವುದು, ಇದೇ ಅವನ ನೌಕರಿ.

ಲೋಹಿತ ಹೆಂಗಸರನ್ನೆಲ್ಲ ಬೇವಿನ ಗಿಡದ ಕೆಳಗೆ ಕೂಡಿಸಿದ. ಗೌಡ ಕುರ್ಚಿಯಲ್ಲಿ ಕೂತಿದ್ದ. ಇನ್ನೊಂದು ಕುರ್ಚಿ ಲೋಹಿತನಿಗೆ. ಅವನು ಅದನ್ನು ಎತ್ತಿ ತಂದು ಮಲ್ಲಿಕಾಳ ಹತ್ತಿರ ಇಟ್ಟು, “ಕುಂದರ್ರಿ ಅಕ್ಕಾ,” ಅಂದ. ಗೌಡನ ಮುಖ ನೋಡಿ ಮಲ್ಲಿಕಾ ಕೂಡಲಿಲ್ಲ. ಕುರ್ಚಿ ಖಾಲಿಯಾಗಿಯೇ ಅವಳ ಪಕ್ಕದಲ್ಲಿತ್ತು. ಆದರೂ ಅವನು ತಂದಿದ್ದನ್ನು ಕರೆವ್ವ ಕಂಡಿದ್ದಳು.

“ನೋಡ್ರಿ ಅಕ್ಕಾರ,” ಎಂದು ಲೋಹಿತ ಶುರು ಮಾಡಿದ, “ಚಲೋ ಮಂದೀನ ಹುಡುಕೂದು ಭಾಳ ಕಷ್ಟದ ಕೆಲಸ.”

“ನಮ್ಮನ್ನ ಹುಡುಕೂದು ಏನ್ ಕಷ್ಟಲ್ರಿ ತಮ್ಮಾ,” ಅಂದಳು ಮುದಕವ್ವ. “ಆ ಬದುವಿನ ಹಿಂದ ನೋಡ್ರಿ. ಯಾವಾಗ ನೋಡಿದ್ರೂ ಒಬ್ರರ ಕುಂತಿರ್ತೇವಿ.”

ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು.

“ಬಾಯಿ ಮುಚ್ಚ, ಮುದಿ ರಂಡಿ,” ಗೌಡ ಗದರಿದ. “ಇವಕ್ಕ ಸೊಕ್ಕು ಬಂದೈತ್ರಿ ಸರ. ತಡಸದಾಗ ಏನ್ ಬಂಗಾರದ ಹೂ ಬಿಡ್ತಾವಂತ ಓಡಿ ಹೋಗ್ತಾವೋ.”

“ಹೂ ಅಲ್ಲೂ ಇಂಥಾವ ರೀ,” ಕರೆವ್ವ ಮೆಲ್ಲಗೆ ಹೇಳಿದಳು. “ಅಲ್ಲಿ ಸಂಡಾಸಕ್ಕ ತಗಡಿನ ಬಾಗಲಾ ಐತಂತ. ಒಳಗಿಂದ ಚಿಲಕಾ ಹಾಕ್ಕೊಳ್ಳಾಕ ಬರ್ತೈತಂತ.”

ಲೋಹಿತ ನೀಲಿ ಗೋಡೆಯ ಕಡೆ ನೋಡಿದ. “ಇಲ್ಲೂ ಐತಲ್ಲ?”

“ಐತ್ರಿ. ನೋಡಾಕ.”

ಗೌಡ ದೊಡ್ಡದಾಗಿ ನಕ್ಕು ಮಾತು ಬದಲಿಸಿದ. ಲೋಹಿತ ತನ್ನ ನೀರಿನ ಬಾಟಲಿ ಮಲ್ಲಿಕಾಳಿಗೆ ಚಾಚಿದ. ಅವಳು ತಲೆಯಾಡಿಸಿದಳು.

“ಬ್ಯಾಡ್ರಿ. ಕುಡದ್ರ ಎಲ್ಲಿಗೆ ಹೋಗ್ಲಿ?”

ಹುಡುಗ ಚಾಚಿದ ಬಾಟಲಿಯನ್ನು ಹಿಂದಕ್ಕೆ ತೆಗೆದುಕೊಂಡ. ಅವನಿಗೆ ಅರ್ಥವಾಗಿತ್ತು. ಆದರೆ ಕೀಲಿ ತೆಗೆಸುವ ಅಧಿಕಾರ ಅವನಿಗಿರಲಿಲ್ಲ. ಅವನಿಗಿದ್ದದ್ದು ಬಹುಮಾನ ಕೊಡುವ ಅಧಿಕಾರ. ಮೆಚ್ಚುಗೆ ಸಿಕ್ಕರೆ ಮಂದಿ ಉಳಿಯುತ್ತಾರೆಂದು ಅವನು ಕಲಿತು ಬಂದಿದ್ದ. ಎಲ್ಲರಿಗಿಂತ ಚೆನ್ನಾಗಿ ಕ್ರಾಸಿಂಗ್ ಮಾಡುವವಳ ಫೋಟೋ ಕಟ್ಟಿಸಿ ಗೋಡೆಗೆ ಹಾಕುವುದು ಎಂದು ಠರಾವಾಯಿತು. ಕೈ ಪಳಗಿದವರಲ್ಲಿ ಉಳಿದಿದ್ದವಳು ಕರೆವ್ವ; ಮೊಬೈಲಿನಲ್ಲಿ ಅವಳ ಫೋಟೋ ತೆಗೆದುಕೊಂಡು ಹೋದ.

ಮುಂದಿನ ವಾರ ಒಂದು ಮುಂಜಾನೆ ಗಾಜಿನ ಕಟ್ಟು ಹಾಕಿಸಿದ ಫೋಟೋ ಬಂತು. ಕೆಳಗೆ ‘ತಿಂಗಳ ಉತ್ತಮ ಕೆಲಸಗಾರ್ತಿ’ ಎಂದಿತ್ತು. ಹುಬ್ಬಳ್ಳಿಯಿಂದ ದೊಡ್ಡ ಸಾಹೇಬರು ಬರುತ್ತಾರೆಂದು ಅವರಿಗಾಗಿ ಚೆಂಡುಹೂವಿನ ದಪ್ಪ ಮಾಲೆ ತಂದಿದ್ದರು. ಸಾಹೇಬರು ಬರಲಿಲ್ಲ.

ಫೋಟೋ ಎಲ್ಲಿ ಹಾಕುವುದು? ಲೋಹಿತ ಆಫೀಸು ಕೋಣೆಗೆ ಒಯ್ದ. ಅಲ್ಲಿ ಶಿವ, ಪಾರ್ವತಿ, ಗೌಡನ ಅಜ್ಜ ಸಾಲಾಗಿದ್ದರು. ಗೌಡಶ್ಯಾನಿ ಬಾಗಿಲಿಗೆ ಅಡ್ಡ ನಿಂತಳು.

“ನಮ್ಮ ಮಾವನೋರ ಮಗ್ಗಲಕ ಈಕೀನ ನಿಂದರಸ್ತೀರಿ? ದೀಪಾ ಹಚ್ಚೂ ಗ್ವಾಡಿ ಐತಿ ಅದು. ಹೊರಗ ಒಯ್ರಿ ಮೊದಲ.”

ಪಡಸಾಲೆಯೂ ಆಗಲಿಲ್ಲ, ಕೊಟ್ಟಿಗೆಯೂ ಆಗಲಿಲ್ಲ. ಎತ್ತಿಗೆ ಪೂಜೆ ಮಾಡುತ್ತಾರಂತೆ. ಫೋಟೋ ಹಿಡಿದುಕೊಂಡು ಲೋಹಿತ ಅಂಗಳದಲ್ಲಿ ತಿರುಗಿದ. ಅವನ ಹಿಂದೆ ಹೆಂಗಸರು ತಿರುಗಿದರು. ತನ್ನ ಮುಖವನ್ನು ಗೋಡೆಯಿಂದ ಗೋಡೆಗೆ ಓಡಿಸುವುದನ್ನು ಕರೆವ್ವ ನೋಡುತ್ತ ನಿಂತಳು. ಕಡೆಗೆ ಗೌಡ ಸಂಡಾಸದ ಕಡೆ ಬೆರಳು ಮಾಡಿದ.

“ಅದರ ಗ್ವಾಡಿಗೆ ಬಡೀರಿ. ಮಹಿಳಾ ಅಂತ ಬರದೈತಲ್ಲ ಅಲ್ಲಿ.”

ಬಂದೇಸಾಬ ಮೊಳೆ ಹೊಡೆದ. ಫೋಟೋ ಕೀಲಿ ಹಾಕಿದ ಬಾಗಿಲ ಪಕ್ಕದಲ್ಲಿ ತೂಗಿತು. ಯಾರಿಗೂ ಚಪ್ಪಾಳೆ ತಟ್ಟಬೇಕೆನಿಸಲಿಲ್ಲ. ಲೋಹಿತನಿಗೆ ಕೆಡುಕೆನಿಸಿರಬೇಕು. ಏನಾದರೂ ಮರ್ಯಾದೆ ಮಾಡಬೇಕಲ್ಲ ಎಂದು, ಸಾಹೇಬರಿಗಾಗಿ ತಂದಿದ್ದ ಮಾಲೆಯನ್ನು ಎತ್ತಿ ಫೋಟೋಕ್ಕೆ ಹಾಕಿಬಿಟ್ಟ.

ಹೆಂಗಸರು ಸೆರಗು ತಲೆಯ ಮೇಲೆ ಎಳೆದುಕೊಂಡರು.

ಕರೆವ್ವ ಮಾಲೆಯನ್ನೇ ನೋಡಿದಳು. ಅವಳ ಮನೆಯಲ್ಲಿ ಮಾಲೆ ಹಾಕಿದ ಫೋಟೋ ಎರಡಿದ್ದವು. ಒಂದು ಬಾಬಾಸಾಹೇಬರದು, ಇನ್ನೊಂದು ತೀರಿಹೋದ ಗಂಡ ಗುತ್ತೆಪ್ಪನದು. ಈಗ ಅದೇ ಹೂವು, ಅದೇ ಗಾಜು, ಒಳಗೆ ತಾನು. ಆಮೇಲೆ ಮಲ್ಲಿಕಾಳ ಮುಖ ಕಂಡಿತು. ಹುಡುಗಿ ಮತ್ತೆ ತೊಡೆ ಒತ್ತಿಕೊಂಡು ನಿಂತಿದ್ದಳು.

ಕರೆವ್ವ ಮುದಕವ್ವನ ಕಡೆ ತಿರುಗಿದಳು.

“ಮುದಕವ್ವಾ, ನಾ ದೇವರಲ್ಲ. ಬಾಬಾಸಾಹೇಬರಂತೂ ಅಲ್ಲ. ಮಾಲಿ ಹಾಕ್ಯಾರ. ಉಳದದ್ದು ಒಂದ ಅಲ್ಲೇನ?”

ಅಷ್ಟು ಹೇಳಿ ಫೋಟೋದ ಕೆಳಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ ಕೂತಳು. ಕೇರಿಯಲ್ಲಿ ಹೆಣವನ್ನು ಕೂಡಿಸುವುದೇ ಹಾಗೆ. ಕಣ್ಣು ಮುಚ್ಚಿ, ಕತ್ತು ಒಂದು ಕಡೆ ವಾಲಿಸಿದಳು.

ಮುದಕವ್ವನಿಗೆ ಅಷ್ಟು ಸಾಕಾಗಿತ್ತು. ಕೂದಲು ಬಿಚ್ಚಿ, ಎದೆ ಬಡಿದುಕೊಂಡು ದನಿ ತೆಗೆದಳು.

“ಎದ್ದು ಬಾರಲೆ ನನ ಗೆಣತಿ, ಹೂವಿಗೆ ಗಂಡನ್ನ ತೋರಿಸಿದಾಕಿ...
ನಳದ ಸಪ್ಪಳಾ ಕೇಳಿದಿ, ನೀರ ಕಾಣಲಿಲ್ಲಲೆ ನನ ಗೆಣತಿ...
ನೀಲಿ ಬಾಗಲದ ಹೊರಗ ಕುಂತು ಜೀವಾ ಬಿಟ್ಟೆಲ್ಲ...”

ಉಳಿದವರು ಸುತ್ತ ಕೂತು ಸೊಲ್ಲು ಹಿಡಿದರು. ರಸ್ತೆಯಲ್ಲಿ ಮೋಟಾರ್ ಸೈಕಲ್ಲುಗಳು ನಿಂತವು. ಗೌಡರ ಮನೆಯಲ್ಲಿ ಯಾರೋ ಹೋದರೆಂದು ಇಬ್ಬರು ಮುದುಕರು ತಲೆಯ ಪಟಗ ತೆಗೆದು ಕೈಯಲ್ಲಿ ಹಿಡಿದುಕೊಂಡು ಒಳಗೇ ಬಂದುಬಿಟ್ಟರು.

“ಏಳಲೇ ಕರೀ, ನಾಟಕಾ ಸಾಕು,” ಗೌಡ ಚೀರಿದ. “ಮುಂಜಾನಿ ಮುಗಿಯೂದ್ರಾಗ ಪುಡಿ ಮುಟ್ಟಸೂದೈತಿ. ನಿನ್ನಿ ಬಿಡಿಸಿದ ಹೂವ ಇನ್ನೂ ಅರ್ಧಾ ಉಳದಾವು.”

ಹೆಣ ಅಲ್ಲಾಡಲಿಲ್ಲ.

“ಕೇರ್ಯಾಗ ಹೆಣಾ ಇದ್ರ ಯಾರು ಕೆಲಸಕ್ಕ ಹೋಗ್ತಾರ್ರಿ ಗೌಡ್ರ?” ಮುದಕವ್ವ ಮೂಗು ಒರೆಸಿಕೊಂಡಳು. “ಮಣ್ಣಾಗೂ ಮಟಾ ಒಲಿ ಸೈತ ಹಚ್ಚಂಗಿಲ್ಲ. ಮಾಲಿ ಹಾಕಿದವರು ನೀವ. ನಾವೇನ್ ಹಾಕ್ರಿ ಅಂದಿದ್ವೇನು?”

“ಬಂದೇಸಾಬ, ಆ ಮಾಲಿ ಕಿತ್ತ ಒಗಿ.”

ಬಂದೇಸಾಬ ಗಡ್ಡ ಕೆರೆದುಕೊಂಡ. “ಸತ್ತವರ ಮ್ಯಾಲಿನ ಮಾಲಿ ನಾ ಹೆಂಗ ತಗೀಲ್ರಿ ಧಣಿ? ಒಬ್ಬೊಬ್ಬರ ಪದ್ಧತಿ ಒಂದೊಂದು. ತಪ್ಪಾತಂದ್ರ ನನಗ ಸುತ್ತಕೋತೈತಿ.”

ಗೌಡ ತಾನೇ ಮುಂದಾದ. ಕಟ್ಟೆಯ ಮೇಲಿಂದ ಗೌಡಶ್ಯಾನಿಯ ದನಿ ಬಂತು.

“ಮುಟ್ಟಬ್ಯಾಡ ಜಗ್ಯಾ. ಸೂತಕಾ ಮನಿಯೊಳಗ ತರ್ತಿಯೇನು? ಮುಂಜಾನಿ ಪೂಜಿ ಹೊತ್ತಾತು, ಬಾಗಲಾಗ ಅಳಾಕತ್ತಾರ. ಏನರ ಮಾಡಿ ನಿಂದರಸು.”

“ನಿಂದರಸಾಕ ಬರ್ತೈತ್ರಿ ಅವ್ವಾರ,” ಅಂದಳು ಮುದಕವ್ವ. “ಆಸೆ ಇಟಗೊಂಡು ಹ್ವಾದಾಕಿ ಎಲ್ಲೂ ಹೋಗಂಗಿಲ್ಲ. ಇಲ್ಲೇ ನಿಮ್ಮ ಹಿತ್ತಲಾಗ, ನಿಮ್ಮ ಟಾಕಿ ಸುತ್ತ ತಿರಗತಾಳ. ಅದನ್ನ ತೀರಿಸಿದ್ರ ಎತ್ತಿಕೊಂಡು ಹೋಗ್ತೇವಿ.”

ಗೌಡಶ್ಯಾನಿಯ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

ಲೋಹಿತ ಕರೆವ್ವನ ಎದುರು ಕುಕ್ಕುರುಗಾಲಿನಲ್ಲಿ ಕೂತ. ಅವನ ಮುಖದಲ್ಲಿ ನಗು ತಡೆದ ಕೆಂಪಿತ್ತು. ಆದರೆ ದನಿ ಗಂಭೀರವಾಗಿಯೇ ಇತ್ತು. “ಏನಿತ್ತಂತ್ರಿ ಆಸೆ?”

ಹೆಣ ಮಾತಾಡುವಂತಿಲ್ಲ. ಮಲ್ಲಿಕಾ ಮಾತಾಡಿದಳು. ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದಳು.

“ನನಗ ಒಳಗ ಹೋಗೂದೈತ್ರಿ. ಈಗ. ತಡಿಯಾಕ ಆಗವಲ್ದು.”

ಪಟಗ ತೆಗೆದಿದ್ದ ಮುದುಕರಲ್ಲೊಬ್ಬ ಗೌಡನ ಕಡೆ ನೋಡಿದ. ಗೋಡೆಯ ಮೇಲಿನ ಬಿಳಿ ಅಕ್ಷರಗಳನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದ. ಮತ್ತೆ ಗೌಡನ ಕಡೆ ನೋಡಿದ.

ಕೀಲಿಕೈ ಕಟ್ಟೆಯ ಮೇಲಿಂದ ಹಾರಿ ಬಂತು. ಗೌಡಶ್ಯಾನಿ ಅದನ್ನು ಯಾರ ಕೈಗೂ ಕೊಡದೆ ಮಣ್ಣಿಗೆ ಎಸೆದಿದ್ದಳು. ಬಂದೇಸಾಬ ಎತ್ತಿಕೊಂಡ, ತನ್ನ ರುಮಾಲಿನಿಂದ ಮಣ್ಣು ಒರೆಸಿದ, ಮಲ್ಲಿಕಾಳ ಅಂಗೈಯಲ್ಲಿ ಇಟ್ಟ.

ಬಾಗಿಲು ತೆರೆಯಿತು. ಮುಚ್ಚಿತು. ಒಳಗಿಂದ ಚಿಲಕ ಬಿದ್ದ ಸದ್ದು ಅಂಗಳಕ್ಕೆಲ್ಲ ಕೇಳಿಸಿತು. ಮುದಕವ್ವ ಅಳು ನಿಲ್ಲಿಸಿದಳು. ಆಮೇಲೆ ನಳದ ಸಪ್ಪಳ, ಧಾರಾಳ ನೀರು.

ಕಣ್ಣು ಮುಚ್ಚಿಕೊಂಡೇ ಕರೆವ್ವ ಅದನ್ನು ಕೇಳುತ್ತಿದ್ದಳು. ಹೆಣದ ಕೆನ್ನೆಯ ಮೇಲೆ ನೀರಿಳಿಯಿತು. ಅದನ್ನು ಲೋಹಿತನೊಬ್ಬನೇ ಕಂಡ. ಅವನು ಬೇರೆ ಕಡೆ ಮುಖ ತಿರುಗಿಸಿದ.

ಮಲ್ಲಿಕಾ ಹೊರಗೆ ಬಂದು, ಎಲ್ಲಕ್ಕಿಂತ ಮೊದಲು ಹುಡುಗನ ಬಾಟಲಿ ಕೇಳಿ ಗಟಗಟ ನೀರು ಕುಡಿದಳು.

“ಆತಲ್ಲ? ಕೀಲಿಕೈ ಇತ್ಲಾಗ ಒಗೀರಿ,” ಗೌಡಶ್ಯಾನಿ ಕೈ ಚಾಚಿದಳು.

ಕರೆವ್ವ ಎದ್ದಳು. ಸೀರೆಯ ಧೂಳು ಜಾಡಿಸಿಕೊಂಡಳು. ಮಗಳ ಕೈಯಿಂದ ಕೀಲಿಕೈ ತೆಗೆದುಕೊಂಡು ತನ್ನ ಸೆರಗಿನ ತುದಿಗೆ ಗಂಟು ಹಾಕಿದಳು.

“ಹೆಣದ ಕೂಡ ಕೊಟ್ಟದ್ದನ್ನ ಹೊಳ್ಳಿ ಮನಿಯೊಳಗ ತಗೋತಾರೇನ್ರಿ ಅವ್ವಾರ? ದೇವರ ಕ್ವಾಣಿ ಐತಿ, ನಿಮಗ ಚಲೋದಲ್ಲ.”

ಗೌಡಶ್ಯಾನಿಯ ಚಾಚಿದ ಕೈ ಸರಕ್ಕನೆ ಹಿಂದಕ್ಕೆ ಹೋಯಿತು.

“ನಿನ್ನವ್ನ, ನಾಳಿಂದ ಬರಬ್ಯಾಡ ನೀ,” ಅಂದ ಗೌಡ. ಅಂದವನೇ ಬಲೆಯ ಪರದೆಯ ಕಡೆ ನೋಡಿ, ತುಟಿ ಕಚ್ಚಿಕೊಂಡ. ಒಳಗೆ ಹೂವು ಕಾಯುತ್ತಿದ್ದವು. ಉತ್ತಮ ಕೆಲಸಗಾರ್ತಿಯ ಫೋಟೋ ಗೋಡೆಯ ಮೇಲಿತ್ತು. ಕಂಪನಿಯ ಹುಡುಗ ಎದುರಿಗಿದ್ದ.

“ಕರೆವ್ವಕ್ಕಾ,” ಲೋಹಿತ ಹತ್ತಿರ ಬಂದು ಕೇಳಿದ, “ಇನ್ನ ಬಿಟ್ಟು ಹೋಗಂಗಿಲ್ಲಲ್ಲ ನೀವು?”

“ಮಾಲಿ ಹಾಕಿ ಕುಂದರಸಿದ ಮ್ಯಾಲ ಎಲ್ಲಿಗೆ ಹೋಗ್ಲಿ ತಮ್ಮಾ? ನಿಮ್ಮ ಕಂಪನ್ಯಾಗ ಹಿಂಗ ಮಾಡಿದ್ರ ಒಬ್ರೂ ಬಿಟ್ಟು ಹೋಗಂಗಿಲ್ಲ ನೋಡ್ರಿ.” ಆಮೇಲೆ ದನಿ ತಗ್ಗಿಸಿದಳು. “ಕೂಸು ಹುಟ್ಟಲಿ. ಆಮ್ಯಾಲ ನೋಡೂಣು, ಇಲ್ಲೋ ತಡಸೋ.”

ಹೆಂಗಸರು ಕೂದಲು ಕಟ್ಟಿಕೊಂಡು ನೀಲಿ ಬಾಗಿಲ ಮುಂದೆ ಸಾಲು ನಿಂತರು. ಮುದಕವ್ವ ಎಲ್ಲರನ್ನೂ ತಳ್ಳಿ ಮುಂದೆ ನುಗ್ಗಿದಳು; ಅತ್ತವಳಿಗೆ ಮೊದಲು ಅವಕಾಶವಂತೆ. ಕರೆವ್ವ ಎಲ್ಲರದೂ ಮುಗಿಯುವವರೆಗೆ ಕಾದು, ಕಡೆಗೆ ತಾನು ಒಳಗೆ ಹೋದಳು. ಹಂಚಿನ ಕೆಳಗೆ ತಂಪಿತ್ತು. ಗೋಡೆಯ ಆಚೆಗೆ ತನ್ನದೇ ಫೋಟೋ ಗಾಳಿಗೆ ಟಕಟಕ ಬಡಿಯುತ್ತಿತ್ತು.

ಹೊರಗೆ ಗೌಡನ ಚಪ್ಪಲಿಯ ಸದ್ದು ಈ ಕಡೆಗೇ ಬರತೊಡಗಿತು. ಕೂಡಲೇ, ರೂಢಿ ಬಿಟ್ಟೀತೇ, ಬಂದೇಸಾಬ ಗಂಟಲು ಹರಿಯುವಂತೆ ಕೆಮ್ಮಿದ.

“ಕೆಮ್ಮಬ್ಯಾಡ ಬಂದೇಸಾಬಣ್ಣಾ,” ಒಳಗಿಂದ ಕರೆವ್ವ ಹೇಳಿದಳು. “ಚಿಲಕಾ ಹಾಕೇನಿ.”