ಒನ್ನಿಯ ಕಡೆಗೆ ತಳ್ಳಿದ ಹಿಮ

"ಅಮ್ಮ, ನಿನಗೀಗ ಎಪ್ಪತ್ತು. ಒನ್ನಿಗೆ ಹೇಳು, ಗಾಡಿ ತಂದು ಅಂಗಳದ ಹಿಮ ತಳ್ಳಿಕೊಟ್ಟು ಹೋಗ್ತಾನೆ," ಎಂದು ಮಗಳು ಕಾರೆನ್ ಫೋನಿನಲ್ಲಿ ಮತ್ತೆ ಅದೇ ರಾಗ ಎಳೆದಳು.

"ಅವನ ಕೈಲಿ ಮಾಡಿಸೋ ಬದಲು ಹಿಮದಲ್ಲೇ ಹೂತು ಹೋಗ್ತೀನಿ."

"ಹೂತು ಹೋದ್ರೆ ತೆಗೆಯೋಕೂ ಅವನನ್ನೇ ಕರೀಬೇಕು."

ಪಕ್ಕದ ಮನೆಯ ಒನ್ನಿಗೆ ಹಿಮ ತೆಗೆಯುವುದೇ ಕಸುಬು. ಸುಪೀರಿಯರ್ ಸರೋವರದ ಗಾಳಿ ತಂದು ಸುರಿದದ್ದನ್ನೆಲ್ಲ, ಪಿಕಪ್ ಗಾಡಿಯ ಮೂತಿಗೆ ಕಬ್ಬಿಣದ ಹಲಗೆ ಕಟ್ಟಿಕೊಂಡು ಅರ್ಧ ಬೀದಿಯ ಅಂಗಳಗಳಿಂದ ತಳ್ಳುತ್ತಾನೆ. ಹೋದ ಚಳಿಗಾಲದವರೆಗೆ ನಮ್ಮದನ್ನೂ ಅವನೇ ತೆಗೆಯುತ್ತಿದ್ದ. ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು, ನನ್ನ ಗಂಡ ತೈಸ್ತೊಗೆ ಹೆಚ್ಚು ಹೊತ್ತಿಲ್ಲ, ಬೇಗ ಬನ್ನಿ ಎಂದು. ದಾರಿಯ ಬಾಯಿಗೆ ಎದೆಮಟ್ಟ ಹಿಮ, ಕಾರು ಹೊರಡುವಂತಿಲ್ಲ. ಒನ್ನಿಗೆ ಫೋನ್ ಮಾಡಿದರೆ "ಈಗ ಬಂದೆ ಸೈಮಕ್ಕ" ಎಂದ. ಬರಲಿಲ್ಲ. ಹೆಂಡದಂಗಡಿಯ ಅಂಗಳ ತೆಗೆಯುತ್ತಿದ್ದನಂತೆ. ನಾನೇ ತೋಡಿಕೊಂಡು ಹೋಗಿ ಮುಟ್ಟುವಷ್ಟರಲ್ಲಿ ತೈಸ್ತೊನ ಮುಖಕ್ಕೆ ಬಟ್ಟೆ ಎಳೆದಿದ್ದರು. ಮಣ್ಣು ಮಾಡಿದ ದಿನ ಕಾಫಿ ಕುಡಿಯುತ್ತ ಒನ್ನಿ ಹೇಳಿದ್ದು ಇಷ್ಟೇ: "ಹಿಮ ಯಾರ ಮಾತು ಕೇಳುತ್ತೆ ಹೇಳಿ."

ತಪ್ಪಾಯಿತು ಎನ್ನಲಿಲ್ಲ. ಆ ಮಾತನ್ನು ಅವನ ಬಾಯಿಂದ ಹೊರಡಿಸದೆ ಬಿಡುವುದಿಲ್ಲವೆಂದು ಅವತ್ತೇ ನಿಶ್ಚಯಿಸಿದೆ.

ನಮ್ಮೂರಲ್ಲೊಂದು ಕಟ್ಟುಪಾಡಿದೆ. ತೆಗೆದ ಹಿಮವನ್ನು ರಸ್ತೆಯಂಚಿಗೆ ಬಿಡಬಾರದು, ಹಿತ್ತಲಿಗೆ ಎಳೆದು ಹಾಕಬೇಕು. ಬಿಟ್ಟರೆ ಬೆಳಗಿನ ಜಾವ ರಸ್ತೆಯ ಹಿಮ ತಳ್ಳಲು ಬರುವ ಕೌಂಟಿಯ ಸರ್ಕಾರಿ ಲಾರಿ ಅಷ್ಟನ್ನೂ ಬಾಚಿಕೊಂಡು ಹೋಗಿ ಮುಂದಿನ ಮನೆಯ ದಾರಿಗೆ ತುಂಬುತ್ತದೆ. ನಮ್ಮ ಮುಂದಿನ ಮನೆ ಒನ್ನಿಯದು.

ಈ ಚಳಿಗಾಲ ಹಿಮ ತಳ್ಳುವ, ಉದ್ದ ಹಿಡಿಕೆಯ ದೊಡ್ಡ ತಗಡಿನ ಮೊರ ಹಿಡಿದು ನಾನೇ ಇಳಿದೆ. ಸೊಂಟ ಬೇಡವೆಂದರೂ ಸಿಟ್ಟು ಕೇಳಲಿಲ್ಲ. ಮೊರದ ಮೇಲೆ ಮೊರ ರಸ್ತೆಯಂಚಿಗೆ ತಳ್ಳಿದೆ. ಮಿಕ್ಕದ್ದನ್ನು ಲಾರಿ ನೋಡಿಕೊಂಡಿತು. ಒನ್ನಿಯ ಗಾಡಿ ತನ್ನ ಅಂಗಳದಲ್ಲೇ ಸಿಕ್ಕಿಬಿದ್ದು, ಗಟ್ಟಿಯಾದ ಆ ಹಿಮದ ಗೋಡೆಗೆ ಗುದ್ದುತ್ತಿದ್ದುದನ್ನು ಏಲಕ್ಕಿ ಬ್ರೆಡ್ಡು ಕಾಫಿಗದ್ದಿ ತಿನ್ನುತ್ತ ಕಿಟಕಿಯಿಂದ ನೋಡಿದೆ. ಸುಳ್ಳೇಕೆ, ಹೊಟ್ಟೆ ತಣ್ಣಗಾಯಿತು. ಹೊತ್ತಿಗೆ ಸರಿಯಾಗಿ ಬಾರದವನನ್ನು ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟರು.

ಕೊನೆಗೊಂದು ಬೆಳಿಗ್ಗೆ ಟೋಪಿ ತೆಗೆದು ನನ್ನ ಮೆಟ್ಟಿಲ ಮೇಲೆ ನಿಂತ.

"ಸಾಕು ಮಾಡಿ ಸೈಮಕ್ಕ. ನಿಮ್ಮ ಅಂಗಳ ನಾನು ಬಿಟ್ಟಿ ತೆಗೆದುಕೊಡ್ತೀನಿ."

"ನಿನ್ನ ಬಿಟ್ಟಿ ಯಾರಿಗೆ ಬೇಕು?"

"ಮತ್ತೇನು ಬೇಕು?"

"ನಿನಗೇ ಗೊತ್ತು."

"ಆವತ್ತು ಬರಬೇಕಿತ್ತು. ಅಂಗಡಿಯವನು ಒಂದು ಗುಟುಕು ಕೊಟ್ಟ, ಕೂತುಬಿಟ್ಟೆ. ನನಗೆ ಗಾಡಿ ಓಡಿಸೋದು ಕಲಿಸಿದ್ದೇ ತೈಸ್ತೊಣ್ಣ. ತಪ್ಪಾಯ್ತಕ್ಕ," ಎಂದು ಅತ್ತ.

"ಸರಿ, ಹೋಗು," ಎಂದು ಬಾಗಿಲು ಹಾಕಿಕೊಂಡೆ.

ವರ್ಷವಿಡೀ ಕಾದಿದ್ದ ಮಾತು ಸಿಕ್ಕಿತ್ತು. ಒಳಗೆ ತೈಸ್ತೊ ಮಾತ್ರ ಇರಲಿಲ್ಲ. ಇಷ್ಟು ದಿನ ಒನ್ನಿಯನ್ನು ಬೈಯುತ್ತಲೇ ಎದ್ದಿದ್ದೆ, ಬೈಯುತ್ತಲೇ ಮಲಗಿದ್ದೆ. ಇನ್ನು ಯಾರನ್ನು ಬೈಯಲಿ?

ಮಧ್ಯಾಹ್ನ ಮತ್ತೆ ಹಿಮ ಬಿತ್ತು. ಕಾರೆನ್ ಫೋನ್ ಮಾಡಿದಳು. "ಒನ್ನಿ ನನಗೂ ಫೋನ್ ಮಾಡಿದ್ದ, ತಪ್ಪೊಪ್ಪಿಕೊಂಡನಂತಲ್ಲ. ಇನ್ನಾದ್ರೂ ಅವನಿಗೇ ವಹಿಸಿಬಿಡಮ್ಮ."

"ಇಲ್ಲ, ನಾನೇ ತೆಗೀತೀನಿ," ಎಂದು ಫೋನಿಟ್ಟೆ. ಹೊರಗಿಳಿದು, ಮೊದಲ ಮೊರವನ್ನೇ ಅವನ ಮನೆಯ ಕಡೆಗೆ ತಳ್ಳಿದೆ.